ಕಾಲರಿನ ಅಚ್ಚು

ಅಂಗಡಿಯ ಹಿಂಕೋಣೆಯಿಂದ
ನವೆಂಬರ್ ೯, ಭಾನುವಾರ

ಪ್ರೀತಿಯ ಮಗಳೇ,

ನಿನ್ನ ಸೊಂಟನೋವು ಹೇಗಿದೆ? ವೃದ್ಧಾಶ್ರಮದವರನ್ನು ಒಬ್ಬಳೇ ಎತ್ತಿ ಕೂರಿಸಬೇಡ, ಜೊತೆಗೆ ಯಾರನ್ನಾದರೂ ಕರೆದುಕೋ. ನನ್ನ ಕಣ್ಣು ಪರವಾಗಿಲ್ಲ, ಸೂಜಿಗೆ ದಾರ ಇನ್ನೂ ನಾನೇ ಪೋಣಿಸುತ್ತೇನೆ. ಶಾಲೆಯ ಸಮವಸ್ತ್ರ ಹೊಲಿದು ಮುಗಿಯಿತು. ನಲವತ್ತು ಅಂಗಿ, ಒಂದರ ಕಾಲರೂ ಸೊಟ್ಟಗಿಲ್ಲ.

ನಿನ್ನ ಮಗಳು ದುಂಡಗಾಗಿದ್ದಾಳೆ. ನೀನು ಕೆಲಸಕ್ಕೆಂದು ಊರು ಬಿಡುವ ಮುಂಚೆ ಮಾಡಿಸಿದ ಸೀಳು ಅಂಗುಳಿನ ಹೊಲಿಗೆ ಚೆನ್ನಾಗಿ ಕೂಡಿದೆ. ಕುಡಿದ ಹಾಲು ಈಗ ಮೂಗಿನಿಂದ ಬರುವುದಿಲ್ಲ. ಬಾಯಿ ಸರಿಹೋಯಿತು, ಬುದ್ಧಿ ಮಾತ್ರ ನಿನ್ನದೇ. ಕರೆದರೆ ತಿರುಗುವುದಿಲ್ಲ. ಎದುರಿನ ಗುಂಡಿ ಅಂಗಡಿಯವನು, “ಏನಮ್ಮಾ, ಮಹಾರಾಣಿಯವ್ರು ಇವತ್ತಾದ್ರೂ ನಮ್ ಕಡೆ ನೋಡ್ತಾರಾ?” ಎಂದು ದಿನವೂ ಕೇಳುತ್ತಾನೆ. ನಾನೂ ನಗುತ್ತೇನೆ. ಆದರೆ ಐದು ವರ್ಷಕ್ಕೇ ಇಷ್ಟು ಹಟ ಒಳ್ಳೆಯದಲ್ಲ. ಎರಡು ಸಲ ಕರೆಯುತ್ತೇನೆ, ಮೂರನೆಯದಕ್ಕೆ ಮರದ ಸ್ಕೇಲು ಮೊಣಕೈಗೆ ಬೀಳುತ್ತದೆ. ನೀನು ಹೋದ ಈ ಎರಡು ವರ್ಷದಲ್ಲಿ ಸಾಕಷ್ಟು ತಿದ್ದಿದ್ದೇನೆ. ಈಗ ನನ್ನ ಮುಖವನ್ನೇ ನೋಡುತ್ತ ಕೂರುತ್ತಾಳೆ. ತುಟಿ ಅಲುಗಿದರೆ ಸಾಕು, ಎದ್ದು ನಿಲ್ಲುತ್ತಾಳೆ. ನಾನು ಬೆನ್ನು ತಿರುಗಿಸಿದರೆ ಮತ್ತೆ ಹಳೆಯ ಚಾಳಿ. ನಾನು ಹೊಲಿಯುವಾಗ ಮೆಷಿನ್ನಿನ ಹಲಗೆಗೆ ಕೆನ್ನೆಯೊತ್ತಿ ನಗುತ್ತಿದ್ದಳು. ಸೂಜಿ ಕಣ್ಣಿಗೆ ತಾಗೀತೆಂದು ಅದನ್ನೂ ಬಿಡಿಸಿದೆ.

ನೀನು ಫೋನಿನಲ್ಲಿ ಮಾತಾಡುತ್ತಿದ್ದರೆ ಅವಳು ಫೋನು ಹಿಡಿದು ಗೊಂಬೆಯ ಹಾಗೆ ನಿಂತು, ನನಗೇ ವಾಪಸು ಕೊಡುತ್ತಿದ್ದಳು. ಅವಳಿಗೆ ನೀನು ಬೇಡವಾಗಿದ್ದೀಯ, ಸುಮ್ಮನೆ ಸಂಕಟಪಡಬೇಡ ಎಂದು ಹೋದ ವರ್ಷ ಬರೆದಿದ್ದೆ. ನೀನು ಫೋನು ಮಾಡುವುದು ನಿಲ್ಲಿಸಿದೆ. ಒಳ್ಳೆಯದೇ ಆಯಿತು, ನಿನ್ನ ಪತ್ರಗಳಲ್ಲಿ ಅಳು ಕಡಿಮೆಯಾಗಿದೆ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನಗೊಂದು ನೀಲಿ ಅಂಗಿ ಹೊಲಿದಿಟ್ಟಿದ್ದೇನೆ.

ಒಳ್ಳೆಯದಾಗಲಿ ಎಂದು ಹರಸುವ,
ನಿನ್ನ ಅಮ್ಮ

ಮಂಗಳವಾರ. ಪತ್ರ ಇನ್ನೂ ಅಂಚೆಗೆ ಹಾಕಿರಲಿಲ್ಲ. ಮೇಲಿನದನ್ನು ಮತ್ತೆ ಬರೆಯಲು ಪುರುಸೊತ್ತಿಲ್ಲ. ಶಾಲೆಯವರ ಕಾಟಕ್ಕೆ ನಿನ್ನೆ ಅವಳನ್ನು ಕಿವಿ ಡಾಕ್ಟರ ಬಳಿ ಕರೆದೊಯ್ದೆ. ಎರಡೂ ಕಿವಿಯ ಪರದೆಯ ಹಿಂದೆ ಅಂಟಿನಂಥ ನೀರು ತುಂಬಿದೆಯಂತೆ. ಅಂಗುಳು ಸೀಳಿ ಹುಟ್ಟಿದ ಮಕ್ಕಳಲ್ಲಿ ಇದು ಸಾಮಾನ್ಯವಂತೆ. ಹತ್ತಿರ ಬಂದು ಕೂಗಿದರೆ ಮಾತ್ರ ಅಷ್ಟಿಷ್ಟು ಕೇಳಿಸುತ್ತಿತ್ತಂತೆ. ಪರದೆಗೆ ತೂತು ಮಾಡಿ ಸಣ್ಣ ನಳಿಕೆ ಇಡುತ್ತಾರೆ. ಆಮೇಲೆ ಕೇಳಿಸೀತು, ಆದರೆ ಹಿಂದೆ ಬಿದ್ದಿರುವ ಮಾತು ಬರಲು ತುಂಬ ದಿನ ಹಿಡಿಯುತ್ತದೆ ಎಂದರು. ಆಪರೇಷನ್ನಿಗೆ ನಿನ್ನ ಸಹಿ ಬೇಕು, ಇಪ್ಪತ್ತೈದನೇ ತಾರೀಖಿಗೆ ಬಾ. ಆರು ತಿಂಗಳಿಗೊಮ್ಮೆ ಕಿವಿ ತೋರಿಸಬೇಕೆಂದು ಯಾರೂ ಹೇಳಲಿಲ್ಲವೇ ಎಂದು ಡಾಕ್ಟರು ಕೇಳಿದರು. ಇವಳ ತಾಯಿ ಏನೂ ಹೇಳದೆ ಹೋದಳು ಎಂದೆ. ನೀನು ಹೊರಟ ದಿನ ನನ್ನ ಕೈಗಿಟ್ಟಿದ್ದ ಆಸ್ಪತ್ರೆಯ ಕಾರ್ಡು ಒಳ್ಳೆಯ ದಪ್ಪ ಕಾಗದ. ಆ ವಾರವೇ ಕತ್ತರಿಸಿ ಕಾಲರಿನ ಅಚ್ಚು ಮಾಡಿಕೊಂಡಿದ್ದೆ. ‘ಕಿವಿ ಪರೀಕ್ಷೆ’ ಎಂಬ ಅಕ್ಷರ ಈಗಲೂ ಅದರ ಅಂಚಿನಲ್ಲಿದೆ. ಡಾಕ್ಟರು ಬೈದರೆ ತಲೆ ತಗ್ಗಿಸಿ ನಿಂತುಬಿಡು. ನೀನು ಮತ್ತೆ ಹೊರಟುಹೋಗುವವಳು. ನಾನು ಇದೇ ಬೀದಿಯಲ್ಲಿ ಅಂಗಡಿ ನಡೆಸಬೇಕು.