ನಿಮ್ಮ ಕಿಟಕಿ ಕೆಳಗಿನ ಮಣ್ಣು

ಜಮೀನು ವಿಂಗಡಣೆಯ ಹಿರಿಯ ಅಧಿಕಾರಿಗಳೇ, ಮಾನ್ಯರೇ,

ಮಾನ್ಯರೇ ಎಂದದ್ದು ಪತ್ರದ ಪದ್ಧತಿಗಾಗಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನನ್ನ ಅಕ್ಕನ ಮಗಳ ಪರಂಗಿ ತೋಟ ಹೊಳೆಯ ದಂಡೆಯ ಮೇಲಿದೆ. ಅದನ್ನು ನೀವು ‘ನೀರು ನಿಲ್ಲುವ, ಬೇಸಾಯಕ್ಕೆ ಬಾರದ ಜಮೀನು’ ಎಂದು ಬರೆದಿದ್ದೀರಿ. ನೀವು ಹಾಗೆ ಬರೆದದ್ದರಿಂದ ಬರುವ ತಿಂಗಳ ಮೊದಲ ವಾರ ಅಲ್ಲಿ ಯಂತ್ರ ಇಳಿಯುತ್ತದೆ, ಮುನ್ನೂರು ಗಿಡ ಉರುಳುತ್ತವೆ, ಪಟ್ಟಣದ ಚರಂಡಿ ನೀರಿಗೆ ಕೊಳ ಆಗುತ್ತದೆ. ಆ ಬರಹ ಸುಳ್ಳು. ಸುಳ್ಳೆಂದು ನಾನು ಹೇಳುವುದು ಬೇಡ, ನಿಮ್ಮದೇ ಸಹಿ, ನಿಮ್ಮದೇ ಮೊಹರು ಬಿದ್ದಿರುವ ಕಾಗದ ಹೇಳುತ್ತಿದೆ. ಹೇಗೆ ಎಂಬುದು ಕೊನೆಗೆ ಬರುತ್ತದೆ. ಅಲ್ಲಿಯವರೆಗೆ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡು ಓದಿ.

ನಾನು ಗುಂಡಿ ತೋಡುವವನು. ಬಾವಿ, ಮನೆಯ ಪಾಯ, ಶೌಚದ ಗುಂಡಿ, ಕಂಬದ ಕುಳಿ, ಏನು ಬೇಕಾದರೂ. ಓದಿದ್ದು ಊರ ಶಾಲೆಯಲ್ಲಿ ಏಳನೇ ತರಗತಿ. ಆ ತರಗತಿ ನನಗೆ ಎಷ್ಟು ಹಿಡಿಸಿತೆಂದರೆ ಎರಡು ಸಲ ಓದಿದೆ. ಆದರೆ ನಲವತ್ತು ವರ್ಷದಿಂದ ಭೂಮಿಯನ್ನು ಒಳಗಿನಿಂದ ನೋಡಿ ಮೇಲೆ ಬಂದು ಹೇಳುತ್ತಿರುವವನು ಈ ಸೀಮೆಯಲ್ಲಿ ನಾನೊಬ್ಬನೇ. ಒಳಗೆ ಹೋದವರು ಬೇಕಾದಷ್ಟು ಜನ ಇದ್ದಾರೆ, ಅವರು ವಾಪಸು ಬಂದು ವರದಿ ಕೊಟ್ಟಿಲ್ಲ. ಮಕ್ಕಳಿಂದ ಮುದುಕರವರೆಗೆ ಎಲ್ಲರೂ ನನ್ನನ್ನು ಕರೆಯುವುದು ಗುಂಡಿಮಾವ ಎಂದು.

ನೀವು ಮಾಡಿದ್ದು ಇಷ್ಟೇ: ನಕ್ಷೆಯ ಮೇಲೆ ಸ್ಕೇಲು ಇಟ್ಟು ಹೊಳೆಯ ಉದ್ದಕ್ಕೂ ಒಂದು ಗೆರೆ ಎಳೆದಿರಿ. ಗೆರೆಯಿಂದ ಈಚೆ, ಹೊಳೆಯ ಮಗ್ಗುಲಲ್ಲಿರುವುದೆಲ್ಲ ಕೆಸರು. ಆಚೆ ದೂರ ಇರುವುದೆಲ್ಲ ಚಿನ್ನ. ಮೂರನೇ ತರಗತಿಯ ಮಗುವೂ ಹೀಗೇ ಎಳೆಯುತ್ತದೆ. ಅದರ ಮೇಜಿನ ಮೇಲೆ ಮೊಹರು ಇರುವುದಿಲ್ಲ ಅಷ್ಟೆ. ನೆರೆ ಬಂದಾಗ ಹೊಳೆ ಏನು ಮಾಡುತ್ತದೆ ಎಂದು ಒಂದು ಸಲವಾದರೂ ನಿಂತು ನೋಡಿದ್ದೀರಾ? ದಂಡೆ ದಾಟಿದ ಕೂಡಲೇ ನೀರಿನ ಓಟ ತಗ್ಗುತ್ತದೆ. ಭಾರ ಹೊತ್ತವನು ಹೊಸಿಲು ದಾಟಿದ ತಕ್ಷಣ ಮೂಟೆ ಇಳಿಸುವ ಹಾಗೆ, ಹೊಳೆಯೂ ಮರಳನ್ನು, ದಪ್ಪ ಮಣ್ಣನ್ನು ಅಲ್ಲೇ ಇಳಿಸುತ್ತದೆ. ವರ್ಷವರ್ಷವೂ ಇಳಿಸಿ ಇಳಿಸಿ ದಂಡೆಯೇ ಎತ್ತರವಾಗುತ್ತದೆ. ನುಣ್ಣನೆಯ ಜೇಡಿ ಮಾತ್ರ ನೀರಿನ ಜೊತೆ ದೂರ ಹೋಗಿ ಹಿಂದಿನ ತಗ್ಗಿನಲ್ಲಿ ಕೂರುತ್ತದೆ. ತಾನು ಕೂತದ್ದಲ್ಲದೆ ನೀರನ್ನೂ ಕೂರಿಸಿಕೊಳ್ಳುತ್ತದೆ. ಆ ತಗ್ಗನ್ನೇ ಹುಡುಕಿ ನಿಮ್ಮ ಹೊಸ ಕಚೇರಿ ಕಟ್ಟಿಸಿದಿರಿ. ಪಾಯ ತೋಡಿದವನು ನಾನೇ. “ಸಾರ್, ಇಲ್ಲಿ ಬೇಡ, ಮಣ್ಣು ಬೂದಿ ಬಣ್ಣಕ್ಕಿದೆ” ಅಂದೆ. “ನೀನು ಗುಂಡಿ ತೋಡು, ಉಪದೇಶ ತೋಡಬೇಡ” ಅಂದಿರಿ. ತೋಡಿದೆ.

ಮಣ್ಣಿನ ಚಾಡಿ ಮಣ್ಣೇ ಹೇಳುತ್ತದೆ, ಬಗ್ಗಿ ನೋಡಬೇಕು ಅಷ್ಟೆ. ಅಕ್ಕನ ಮಗಳ ತೋಟದಲ್ಲಿ ಎದೆಮಟ್ಟ ತೋಡಿದರೂ ಒಂದೇ ಕಂದು. ಗೋಡೆಯಲ್ಲಿ ಬೆರಳಗಲದ ಪದರಗಳು, ಒಂದೊಂದು ನೆರೆಗೆ ಒಂದೊಂದು, ಒಂದು ಮರಳು ಮರಳು, ಇನ್ನೊಂದು ಹಿಟ್ಟಿನಂತೆ. ಬಿಸಿಲಿಗೆ ಹಿಡಿದರೆ ಕಾಗೆಬಂಗಾರದ ಚೂರು ಮಿನುಗುತ್ತವೆ: ಬೆಟ್ಟದಿಂದ ಮೊನ್ನೆ ಮೊನ್ನೆ ಇಳಿದು ಬಂದ ಎಳೆ ಮಣ್ಣು, ಇನ್ನೂ ಸಾರ ತೊಳೆದುಹೋಗಿಲ್ಲ. ಮುಷ್ಟಿಯಲ್ಲಿ ಹಿಡಿದರೆ ಉಂಡೆ, ತಟ್ಟಿದರೆ ಪುಡಿ. ಎರೆಹುಳದ ತೂತು ಮೊಣಕಾಲಿನ ಆಳಕ್ಕೂ ಇದೆ. ಒಂದು ಕೊಡ ನೀರು ಸುರಿದರೆ ನಾನು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಇಂಗುತ್ತದೆ. ದೋಷವೇ ಇಲ್ಲವೆ? ಇದೆ. ಮೇಲ್ಮಣ್ಣು ಬೇಗ ಒಣಗುತ್ತದೆ, ಕೊಟ್ಟ ಗೊಬ್ಬರ ಮಳೆಗೆ ಬೇಗ ಕೆಳಗಿಳಿಯುತ್ತದೆ, ಸೊಪ್ಪುಸದೆ ಹಾಕುತ್ತಲೇ ಇರಬೇಕು. ನಾನು ನಿಮ್ಮ ಹಾಗಲ್ಲ, ನಮ್ಮವರ ತಪ್ಪನ್ನೂ ಬರೆಯುತ್ತೇನೆ. ಇನ್ನು ನಿಮ್ಮ ಕಿಟಕಿ ಕೆಳಗಿನ ಮಣ್ಣು: ಒಂದು ಗೇಣು ಹೋಗುವಷ್ಟರಲ್ಲಿ ಬೂದು ಬಣ್ಣ, ನಡುವೆ ತುಕ್ಕಿನ ಚುಕ್ಕೆ, ಗುದ್ದಲಿಗೆ ಮೆತ್ತಿದರೆ ಬಿಡುವುದಿಲ್ಲ, ಮೂಸಿದರೆ ಕೊಳೆತ ಮೊಟ್ಟೆ. ಮಣ್ಣಿಗೆ ಉಸಿರು ಕಟ್ಟಿದರೆ ಈ ಬಣ್ಣ, ಈ ವಾಸನೆ.

ಹೋದ ವರ್ಷದ ನೆರೆಯಲ್ಲಿ ಎರಡೂ ಕಡೆ ನೀರು ಬಂತು. ಪರಂಗಿ ಗಿಡ ಬಹಳ ನಾಜೂಕು, ಬೇರಿನಲ್ಲಿ ಎರಡು ದಿನ ನೀರು ನಿಂತರೆ ಕೊಳೆತು ಮಲಗುತ್ತದೆ. ತೋಟದಲ್ಲಿ ಎರಡನೇ ಬೆಳಿಗ್ಗೆ ಅಕ್ಕನ ಮಗಳು ಚಪ್ಪಲಿ ಹಾಕಿಕೊಂಡು ಓಡಾಡಿದಳು. ಮುನ್ನೂರರಲ್ಲಿ ಹೋದದ್ದು ನಾಲ್ಕು ಗಿಡ, ಅವೂ ತೇಲಿಬಂದ ದಿಮ್ಮಿ ಬಡಿದು. ನಿಮ್ಮ ಕಡತದ ಕೋಣೆಯಲ್ಲಿ? ಇಪ್ಪತ್ತೊಂದನೇ ದಿನವೂ ಸಿಬ್ಬಂದಿ ಪ್ಯಾಂಟು ಮಡಚಿಕೊಂಡು ಕಡತ ತೆಗೆಯುತ್ತಿದ್ದರು. ನೀವು ಕೊಳಾಯಿ ರಿಪೇರಿಯವನನ್ನು ಕರೆಸಿ, ಪೈಪು ಸೋರುತ್ತಿದೆ ಎಂದು ಬೈದಿರಿ. ಪಾಪ, ಮೂರು ಸಲ ಪೈಪು ಬದಲಾಯಿಸಿದ. ಭೂಮಿಯೇ ಸೋರುತ್ತಿದ್ದರೆ ಅವನು ಏನನ್ನು ಬದಲಾಯಿಸಬೇಕಿತ್ತು?

ಇಷ್ಟಾದರೂ ನಾನು ಸುಮ್ಮನಿರುತ್ತಿದ್ದೆನೋ ಏನೋ. ಆಕ್ಷೇಪಣೆ ಕೇಳುವ ದಿನ ನೀವು ಒಂದು ಮಾತಾಡಿದಿರಿ. ಅಕ್ಕನ ಮಗಳು ಒಂದು ವಾರ ಕೂತು ಬರೆದ ನಾಲ್ಕು ಹಾಳೆ ಹಿಡಿದು ನಿಂತಿದ್ದಳು. ಗಂಡ ಹೋದ ಮೇಲೆ ಒಬ್ಬಳೇ ಬೀಜ ಹಾಕಿ ಎಬ್ಬಿಸಿದ ತೋಟ ಅದು. ಅವಳು ಮೊದಲ ಸಾಲು ಮುಗಿಸುವ ಮುಂಚೆಯೇ, “ಅಲ್ಲಮ್ಮ, ಹೊಳೆ ಪಕ್ಕ ನೀರು ನಿಲ್ಲದೆ ಇನ್ನೇನು ನಿಲ್ಲುತ್ತೆ, ಬಸ್ಸಾ?” ಅಂದಿರಿ. ಸಭೆಗೆ ಸಭೆಯೇ ನಕ್ಕಿತು. ಅವಳು ಹಾಳೆಗಳನ್ನು ಮಡಚಿದಳು, ಮತ್ತೂ ಮಡಚಿದಳು, ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾಗುವವರೆಗೂ ಮಡಚಿದಳು. ಅದನ್ನು ನಾನು ನೋಡಿದೆ. ಅವತ್ತೇ ನಿಮಗೊಂದು ಗುಂಡಿ ತೋಡಲು ಶುರುಮಾಡಿದೆ.

ನಗು ನಿಂತ ಮೇಲೆ, ದೊಡ್ಡ ಮನಸ್ಸು ತೋರಿಸುವವರ ಹಾಗೆ, ‘ನೀರು ನಿಲ್ಲುವುದು ಈ ಕಚೇರಿಯಲ್ಲಿ’ ಎಂದು ನಾನು ಹಿಂದಿನಿಂದ ಕೂಗಿದ್ದಕ್ಕೆ, ತೋಟದ್ದೂ ಕಚೇರಿಯದ್ದೂ ಎರಡೂ ಕಡೆಯ ಮಣ್ಣು ಪರೀಕ್ಷೆಗೆ ಹೋಗಲಿ, ಯಾರದ್ದು ನೀರು ನಿಲ್ಲಿಸುವ ಮಣ್ಣೆಂದು ಬಂದರೆ ಕೊಳ ಅವರ ಜಾಗದಲ್ಲಿ ಎಂದು ಎಲ್ಲರೆದುರು ಘೋಷಿಸಿದಿರಿ. ಗುಮಾಸ್ತರು ಅದನ್ನು ಬರೆದುಕೊಂಡರು, ನೀವು ಸಹಿ ಹಾಕಿದಿರಿ. ಮಣ್ಣು ತೆಗೆಯುವವರು ಯಾರು? ನಿಮ್ಮ ಬೂಟು ಹೊಸದು. “ಆ ಗುಂಡಿಯವನಿಗೇ ಹೇಳಿ” ಅಂದಿರಿ. ಕೀಲಿಕೈ ಕೊಡಲು ನಿಮಗೆ ಬೇರೆ ಕಳ್ಳ ಸಿಗಲಿಲ್ಲವೆ?

ಎರಡೂ ಗುಂಡಿ ತೋಡಿದೆ. ಸಾಕ್ಷಿಗೆ ಕರೆತಂದದ್ದು ನನ್ನನ್ನು ಏಳನೇ ತರಗತಿಯಲ್ಲಿ ಫೇಲು ಮಾಡಿದ ಟೀಚರಮ್ಮನನ್ನು. ಅವರಿಗೀಗ ಎಂಬತ್ತೈದು, ನನ್ನ ಪರವಾಗಿ ಸುಳ್ಳು ಹೇಳುತ್ತಾರೆಂದು ಶತ್ರುವೂ ಹೇಳಲಾರ. ಎರಡೂ ಗುಂಡಿಯ ಬಾಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ಒಂದೊಂದು ಗುಂಡಿಯಿಂದ ಒಂದೊಂದು ಡಬ್ಬಿ ಮಣ್ಣು ತಾವೇ ತುಂಬಿಸಿಕೊಂಡು, ಎಲ್ಲಿಯದೆಂದು ಬರೆದು, ಅರಗು ಹಾಕಿ ಮನೆಯಲ್ಲಿ ಇಟ್ಟುಕೊಂಡಿದ್ದಾರೆ. ಉಳಿದದ್ದನ್ನು ಎರಡು ಚೀಲದಲ್ಲಿ ಕಟ್ಟಿ ಪ್ರಯೋಗಾಲಯಕ್ಕೆ ಒಯ್ದವನು ನಾನು. ದಾರಿಯಲ್ಲಿ ಒಂದು ಮರದ ನೆರಳಲ್ಲಿ ಕೂತೆ. ಚೀಲಗಳ ಚೀಟಿ ಅದಲುಬದಲು ಮಾಡಿದೆ.

ಹೌದು. ಮಾಡಿದವನು ನಾನೊಬ್ಬನೇ. ಪ್ರಯೋಗಾಲಯದ ಹೆಣ್ಣುಮಗಳು ಪ್ರಾಮಾಣಿಕವಾಗಿ ಪರೀಕ್ಷೆ ಮಾಡಿದಳು, ಅವಳ ತಂಟೆಗೆ ಹೋಗಬೇಡಿ. ಹೋದ ಶುಕ್ರವಾರ ಆ ವರದಿಯನ್ನು ನೀವೇ ಎದ್ದು ನಿಂತು ಓದಿದಿರಿ. ‘ಕಚೇರಿ ಆವರಣ: ಆಳವಾದ, ನೀರು ಚೆನ್ನಾಗಿ ಬಸಿಯುವ, ಬೇಸಾಯಕ್ಕೆ ಅತ್ಯುತ್ತಮ ಮಣ್ಣು. ತೋಟ: ನೀರು ನಿಲ್ಲುವ ಜೇಡಿ.’ ಓದಿ, “ಸಂಶಯ ಇರೋರು ಇನ್ನೂ ಇದ್ದೀರಾ?” ಎಂದು ಕೇಳಿ, ವರದಿಯ ಪ್ರತಿ ಪುಟಕ್ಕೂ ಸಹಿ ಹಾಕಿ, ಮೊಹರು ಒತ್ತಿ ಸೂಚನಾ ಫಲಕಕ್ಕೆ ಅಂಟಿಸಿದಿರಿ. ಇವತ್ತಿಗೂ ಅಲ್ಲೇ ಇದೆ. ಕೀಳಬೇಡಿ, ಊರಿನ ಅರ್ಧ ಜನ ಫೋಟೋ ತೆಗೆದುಕೊಂಡಿದ್ದಾರೆ.

ಅಕ್ಕನ ಮಗಳಿಗೆ ವಿಷಯ ಹೇಳಿದಾಗ ಕೈಯಲ್ಲಿದ್ದ ಕುಡುಗೋಲು ನೆಲಕ್ಕಿಟ್ಟಳು. “ಮಾವ, ನಿಜ ನಮ್ಮ ಕಡೆ ಇತ್ತಲ್ಲ, ಸುಳ್ಳು ಯಾಕೆ ಬೇಕಿತ್ತು?” ಅಂದಳು. ಟೀಚರಮ್ಮ ಈ ವಯಸ್ಸಿನಲ್ಲೂ ನನ್ನ ಕಿವಿ ಹಿಂಡಿದರು. ಇಬ್ಬರಿಗೂ ಒಂದೇ ಉತ್ತರ ಕೊಟ್ಟೆ: ಅವಳ ಮಣ್ಣು ಒಳ್ಳೆಯದೆಂದು ಅವಳ ಹೆಸರಲ್ಲಿ ಬಂದಿದ್ದರೆ ಆ ವರದಿ ನಿಮ್ಮ ಕಡತದ ಕೋಣೆಯ ಕೆಳಗಿನ ಖಾನೆಯಲ್ಲಿ ನೆನೆಯುತ್ತಿತ್ತು. ನಿಮ್ಮ ಹೆಸರಲ್ಲಿ ಬಂದದ್ದರಿಂದ ಮೈಕು ಹಿಡಿದು ಓದಿದಿರಿ. ಆ ಎರಡು ಗುಂಡಿಯಲ್ಲಿ ಒಂದನ್ನು, ಒಂದೇ ಸಲ, ನೀವು ಬಗ್ಗಿ ನೋಡಿದ್ದರೆ ನನ್ನ ಮೋಸ ಅಲ್ಲೇ ಸಿಕ್ಕಿಬೀಳುತ್ತಿತ್ತು. ಒಂದು ಗುಂಡಿ ನಿಮ್ಮ ಕಿಟಕಿಯ ಕೆಳಗೇ ಇತ್ತು. ನೀವು ಬಗ್ಗುವುದಿಲ್ಲ ಎಂಬ ನಂಬಿಕೆಯ ಮೇಲೆ ನಾನು ಇಷ್ಟೆಲ್ಲ ಕಟ್ಟಿದೆ.

ಈಗ ನಿಮ್ಮ ಮುಂದಿರುವ ದಾರಿ ನೋಡಿ. ನನ್ನನ್ನು ಜೈಲಿಗೆ ಹಾಕಿಸಬೇಕೆ? ಹಾಕಿಸಿ, ಬಟ್ಟೆ ಮಡಚಿ ಇಟ್ಟುಕೊಂಡಿದ್ದೇನೆ. ಆದರೆ ದೂರಿನಲ್ಲಿ ‘ಚೀಟಿ ಅದಲುಬದಲಾಗಿದೆ’ ಎಂದು ನೀವು ಬರೆಯಬೇಕಾಗುತ್ತದೆ. ಬರೆದ ಗಳಿಗೆಯಲ್ಲೇ ಆ ಅತ್ಯುತ್ತಮ ಮಣ್ಣು ಅವಳದ್ದು, ಆ ಜೇಡಿ ನಿಮ್ಮದು. ಬರೆಯದೆ ಸುಮ್ಮನಿರುತ್ತೀರಾ? ಟೀಚರಮ್ಮ ಡಬ್ಬಿಗಳನ್ನು ಮಡಿಲಲ್ಲಿಟ್ಟುಕೊಂಡು ನಿಮ್ಮ ಮೇಲಿನವರ ಬಾಗಿಲಲ್ಲಿ ಕೂರುತ್ತಾರೆ, ಅವರು ಕೂತರೆ ಏಳುವವರಲ್ಲ.

ನನ್ನ ಬೇಡಿಕೆ ಒಂದೇ. ತಿಂಗಳು ಮುಗಿಯುವುದರೊಳಗೆ ತೋಟದ ಮೇಲಿನ ಆದೇಶ ರದ್ದಾಗಬೇಕು. ಅದನ್ನು ಅಂಚೆಯಲ್ಲಿ ಕಳಿಸುವಂತಿಲ್ಲ. ನೀವೇ ದಂಡೆ ಹತ್ತಿ ಬಂದು, ಗುಂಡಿಗೆ ಇಳಿದು, ನಿಮ್ಮ ಕೈಯಾರೆ ಒಂದು ಕೊಡ ನೀರು ಸುರಿದು, ಅದು ಇಂಗಿದ ಮೇಲೆ ಅವಳ ಕೈಗೆ ಕೊಡಬೇಕು. ಆ ನಾಲ್ಕು ಹಾಳೆಯನ್ನು ಅವಳು ಬಿಡಿಸಿ ಇಸ್ತ್ರಿ ಹಾಕಿಟ್ಟಿದ್ದಾಳೆ. ಪೂರ್ತಿ ಓದುತ್ತಾಳೆ, ನಿಂತು ಕೇಳಬೇಕು. ಬಾರದಿದ್ದರೆ ನೀವು ಸಹಿ ಹಾಕಿದ ಘೋಷಣೆ ಇದ್ದೇ ಇದೆಯಲ್ಲ: ಯಾರದ್ದು ನೀರು ನಿಲ್ಲಿಸುವ ಮಣ್ಣೋ ಕೊಳ ಅವರಲ್ಲಿ. ಗುದ್ದಲಿ ಹರಿತ ಮಾಡಿಸಿದ್ದೇನೆ, ನಿಮ್ಮ ಕಿಟಕಿ ಕೆಳಗಿನ ಗುಂಡಿ ಅರ್ಧ ಆಗಿದೆ, ನೀರೂ ಆಗಲೇ ಬಂದಿದೆ.

ಇಂತಿ,
ಎರಡು ಗುಂಡಿ ತೋಡಿ, ಒಂದರಲ್ಲಿ ನಿಮ್ಮ ಜೊತೆ ತಾನೂ ಬೀಳಲು ತಯಾರಾಗಿ ನಿಂತಿರುವ
ಗುಂಡಿಮಾವ
(ಏಳನೇ ತರಗತಿ, ಎರಡು ಸಲ)