ಸಮತಟ್ಟಿನಲ್ಲಿ ಒಂದು ಕೋಲು

ಎಮಿಲ್,

ಇವತ್ತು ನಾನು ನಿನ್ನ ಸ್ನೋಬೋರ್ಡ್ ಹತ್ತಿದೆ. ನಿನ್ನನ್ನು ಮಣ್ಣು ಮಾಡಿ ಬಂದಾಗಿನಿಂದ ಅದು ನಮ್ಮ ಗ್ಯಾರೇಜಿನಲ್ಲೇ ನಿಂತಿತ್ತು. ನಲವತ್ತು ವರ್ಷ ಸ್ಕೀ ಮಾಡಿದ ನಿನ್ನ ಅಕ್ಕ ಮಕ್ಕಳು ಕಲಿಯುವ ಹಿಮದ ಇಳಿಜಾರಿನಲ್ಲಿ ಮಕಾಡೆ ಬಿದ್ದದ್ದನ್ನು ನೀನು ನೋಡಬೇಕಿತ್ತು. ಎರಡೂ ಕಾಲು ಒಂದೇ ಹಲಗೆಗೆ ಬಿಗಿದಿರುವುದನ್ನು ಮರೆತು ಒಂದನ್ನು ಮುಂದಿಡಲು ಹೋದೆ. ತಿರುಗುವಾಗೆಲ್ಲ ಕೈ ತಾನಾಗಿ ಇಲ್ಲದ ಸ್ಕೀ ಕೋಲನ್ನು ಊರಲು ಹೋಯಿತು.

ಮಧ್ಯಾಹ್ನದ ಹೊತ್ತಿಗೆ ಹೇಗೋ ಮೇಪಲ್ ಮರಗಳ ಪಕ್ಕದ ಸಮತಟ್ಟಿನವರೆಗೆ ಬಂದೆ. ಅಲ್ಲಿ ಹಲಗೆ ನಿಂತೇಬಿಟ್ಟಿತು. ಸ್ಕೀಯವರು ಕೋಲು ಊರಿಕೊಂಡು ಸಲೀಸಾಗಿ ದಾಟಿಹೋದರು. ನಾನು ಕುಪ್ಪಳಿಸುತ್ತಿದ್ದೆ. ಒಬ್ಬ ಮುದುಕ ನಿಧಾನಿಸಿದ.

"ಹೊಸಬ್ರಾ?"

"ಇದಕ್ಕೆ ಹೊಸಬಳು. ಸ್ಕೀ ಆದ್ರೆ ನಿಮಗಿಂತ ಚೆನ್ನಾಗಿ ಮಾಡ್ತೀನಿ."

"ಅದು ಕಾಣಿಸ್ತಾ ಇದೆ ಬಿಡಿ," ಎಂದು ನಕ್ಕು, ತನ್ನ ಒಂದು ಕೋಲನ್ನು ಹಿಂದಕ್ಕೆ ಚಾಚಿದ. "ಹಿಡ್ಕೊಳ್ಳಿ, ಎಳ್ಕೊಂಡು ಹೋಗ್ತೀನಿ."

ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟಿನ ಸಾಲಿನವರೆಗೂ ಎಳೆದುಕೊಂಡು ಹೋದ. ಅದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ.

ಅದೇ ಜಾಗ, ಎಮಿಲ್. "ಅಕ್ಕಾ, ಒಂದು ಕೋಲು ಕೊಡೇ" ಎಂದು ನೀನು ಹಿಂದಿನಿಂದ ಕೂಗುತ್ತಿದ್ದ, ನಾನು ನಿಲ್ಲದೆ ಮುಂದೆ ಹೋಗುತ್ತಿದ್ದ ಜಾಗ.

ನನ್ನ ಕೈಯಲ್ಲಿ ಯಾವಾಗಲೂ ಎರಡು ಇರುತ್ತಿದ್ದವು.