ಮೇಲ್ಮನೆಯಲ್ಲಿ ಇನ್ನೂ ಶುಕ್ರವಾರ

ತಾರಿಕೋಡಿ,
ಹೊರಗಿನ ಲೆಕ್ಕದಲ್ಲಿ 2171ನೇ ಇಸವಿಯ ಜುಲೈ; ಮೇಲ್ಮನೆಯ ಲೆಕ್ಕದಲ್ಲಿ ನಿಮ್ಮ ಕಾಲದ ಒಂದು ಶುಕ್ರವಾರ, ಸಂಜೆ ಆರಕ್ಕೆ ಎರಡು ನಿಮಿಷ ಬಾಕಿ.

ಮಾನ್ಯ ಪೂರ್ವಜರೇ,

ಚರಿತ್ರೆಯಲ್ಲಿ ದಾಖಲಾಗಬೇಕಾದ ಸಂಗತಿಯೊಂದನ್ನು ಅತ್ಯಂತ ಹೆಮ್ಮೆಯಿಂದ ಘೋಷಿಸುತ್ತಿದ್ದೇನೆ: ಕ್ಯಾಂಟೀನಿನಲ್ಲಿ ಗೋಳಿಬಜೆಗೆ ಎರಡನೇ ಸಲ ಚಟ್ನಿ ಹಾಕಿಸಿಕೊಳ್ಳುವ ಹಕ್ಕನ್ನು ನಮ್ಮ ಮೇಲ್ಮನೆ ಸರ್ವಾನುಮತದಿಂದ ಅಂಗೀಕರಿಸಿದೆ. ನಾನು ಹುಟ್ಟಿದ ಮೇಲೆ ಅಲ್ಲಿ ಅಂಗೀಕಾರವಾದದ್ದು ಇದೊಂದೇ. ಸಂಭ್ರಮಿಸಬೇಕಿತ್ತು; ಯಾರಿಗೂ ಹಾಗೆ ಅನ್ನಿಸಲಿಲ್ಲ.

ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮಗೆ ಬೇಕಾಗದಿದ್ದ ಕೆಲವು ಪದಗಳು ನಮಗೆ ಬೇಕಾಗಿವೆ. ‘ನಿಂತದಿನ’ ಅಂಥದ್ದೊಂದು. ಸದನದ ಕೆಲಸ ಹೊತ್ತಿಗೆ ಮುಗಿಯದಿದ್ದರೆ ಗೋಡೆ ಗಡಿಯಾರ ನಿಲ್ಲಿಸಿ, ಕೆಲಸ ಮುಗಿಸಿ, ಮತ್ತೆ ಓಡಿಸುವ ಹಳೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಆ ಶುಕ್ರವಾರದ ಕೊನೆಯ ವಿಷಯ ಮೇಲ್ಮನೆ ಸುಧಾರಣಾ ಮಸೂದೆಯಾಗಿತ್ತು. ಒಬ್ಬರು ಎರಡು ಅವಧಿಗಿಂತ ಹೆಚ್ಚು ಕೂರಬಾರದು, ಕೆಳಮನೆ ಕಳಿಸಿದ್ದನ್ನು ಮೂರು ತಿಂಗಳೊಳಗೆ ಮತಕ್ಕೆ ಹಾಕಬೇಕು ಎಂದಷ್ಟೇ ಅದರಲ್ಲಿತ್ತು. ಒಪ್ಪಿದರೆ ಕುರ್ಚಿ ಹೋಗುತ್ತದೆ, ತಿರಸ್ಕರಿಸಿದರೆ ಜನ ಬಯ್ಯುತ್ತಾರೆ. ಮಾನ್ಯ ಸದಸ್ಯರು ಗಡಿಯಾರ ನಿಲ್ಲಿಸಿದರು. ಆಮೇಲೆ ಕೆಲಸ ಮಾಡುವುದನ್ನು ಮರೆತರು. ಅಂದಿನಿಂದ ಅಲ್ಲಿ ಅದೊಂದೇ ದಿನ ನಡೆಯುತ್ತಿದೆ; ನಿಂತದಿನ ಎಂದರೆ ಅದು. ಅವಧಿ ಮುಗಿಯುವುದಿಲ್ಲ. ಸತ್ತವರೂ ಸತ್ತಂತಲ್ಲ, ಅಂದು ಬೆಳಿಗ್ಗೆ ಹಾಜರಿದ್ದರಲ್ಲ! ಮರಿಮಕ್ಕಳು ಬಂದು ಅವರ ಹೆಸರಿನಲ್ಲೇ ‘ಉಪಸ್ಥಿತ’ ಎನ್ನುತ್ತಾರೆ.

ಇನ್ನೊಂದು ಪದ ‘ಉಪ್ಪುಗಂಟೆ’: ಸಮುದ್ರ ನಮ್ಮ ಅಡುಗೆಮನೆಗೆ ಬಂದು ಹೋಗುವ ಹೊತ್ತು. ದಿನಕ್ಕೆ ಎರಡು ಸಲ ಬರುತ್ತದೆ. ಅದು ಬರುವಷ್ಟರೊಳಗೆ ಗಂಜಿ ಬೇಯಿಸಿಕೊಳ್ಳಬೇಕು. ಮಕ್ಕಳು ಮಂಚದ ಮೇಲೆ ಕೂತು ಮಗ್ಗಿ ಹೇಳುತ್ತವೆ. ಚಪ್ಪಲಿಗಳನ್ನು ಮೊಳೆಗೆ ನೇತು ಹಾಕುತ್ತೇವೆ. ತಾರಿಕೋಡಿಗೆ ತಡೆಗೋಡೆ ಕಟ್ಟುವ ಮಸೂದೆಯನ್ನು ಕೆಳಮನೆ ನಮ್ಮ ಅಜ್ಜಿಯ ಕಾಲದಲ್ಲೇ ಒಪ್ಪಿ ಮೇಲಕ್ಕೆ ಕಳಿಸಿದೆ. ಮೇಲೆ ಹೋದದ್ದು ಮೇಲೆಯೇ ಇದೆ.

ಹೋದ ವರ್ಷ ನನ್ನ ಅಕ್ಕ ವಾರಿಜಾ ಮತ್ತು ನಾನು ನಮ್ಮ ಕಡೆಯ ಸದಸ್ಯರಾದ ಶಾಂತಿರಾಜಯ್ಯನವರನ್ನು ಕಾಣಲು ಹೋಗಿದ್ದೆವು. ಅಂದರೆ, ಆ ಹೆಸರಿನಲ್ಲಿ ಕೂರುವ ಐದನೆಯವರನ್ನು.

“ನಾಳೆ ಬೆಳಿಗ್ಗೆ ಮೊದಲನೇ ವಿಷಯ ನಿಮ್ಮ ಗೋಡೆಯದ್ದೇ ತಾಯಿ,” ಎಂದರು.

“ಎಂತ ನಾಳೆ ಮಾರಾಯ್ರೇ! ನಮ್ಮ ಅಜ್ಜಿಗೂ ಇದೇ ನಾಳೆಯನ್ನೇ ಕೊಟ್ಟದ್ದಲ್ವಾ ನೀವು?” ಎಂದಳು ಅಕ್ಕ. “ಇನ್ನೂ ಶುಕ್ರವಾರವೇ ಅಂತ ಸಮುದ್ರಕ್ಕೆ ಯಾರಾದ್ರೂ ಹೇಳಿದ್ದೀರಾ?”

ಅವರು ಮನಸಾರೆ ನಕ್ಕರು. “ಒಳ್ಳೇ ಮಾತಾಡ್ತೀರಿ ಅಮ್ಮಾ. ಏನಾದ್ರೂ ತಿಂದ್ಕೊಂಡು ಹೋಗಿ.”

ತಿಂದುಕೊಂಡು ಬಂದೆವು.

ಮೊನ್ನೆ ಅಕ್ಕನ ಮನೆಯ ಹಿಂದಿನ ಗೋಡೆ ಹೋಯಿತು. ಅಳುತ್ತಾಳೇನೋ ಎಂದು ನೋಡಿದೆ. ಅಕ್ಕಿ ಡಬ್ಬ ತೆಗೆದು ಅಟ್ಟಕ್ಕಿಟ್ಟಳು, ಅಷ್ಟೇ. ಮುಂದಿನ ಹುಣ್ಣಿಮೆಯೊಳಗೆ ನಾವೆಲ್ಲ ಊರು ಬಿಡಬೇಕಂತೆ. ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಅದನ್ನು ತೀರ್ಮಾನಿಸುವುದೂ ಮೇಲ್ಮನೆಯೇ.

ನಿಮಗೆ ಆ ಶುಕ್ರವಾರ ಇನ್ನೂ ಬಂದಿಲ್ಲ. ಸುಧಾರಣಾ ಮಸೂದೆಯನ್ನು ನೀವೂ ಈ ಅಧಿವೇಶನ ಬೇಡ, ಮುಂದಿನದು ನೋಡೋಣ ಎಂದು ವರ್ಷಗಟ್ಟಲೆ ದೂಡಿದ್ದೀರಿ ಎಂದು ಕೇಳಿದ್ದೇನೆ. ಬೇಸರವೇನಿಲ್ಲ, ಬೇಸರ ಪಡುವ ಶಕ್ತಿಯೂ ಉಳಿದಿಲ್ಲ. ಆದರೂ ನಿಮ್ಮ ಸದಸ್ಯರ ಮನೆ ಬಾಗಿಲು ಬಡಿಯಿರಿ, ಮತಕ್ಕೆ ಹಾಕಿ ಎನ್ನಿ. ಊಟದ ಹೊತ್ತಿಗೆ ಹೋದರೆ ಸಿಗುತ್ತಾರೆ.

ಅಷ್ಟಾಗದಿದ್ದರೆ ಒಂದು ಸಣ್ಣ ಉಪಕಾರ. ಸದನದ ಗಡಿಯಾರ ಎತ್ತರದಲ್ಲಿದೆ, ಬರಿಗೈಗೆ ಎಟಕುವುದಿಲ್ಲ. ಪ್ರೇಕ್ಷಕರ ಗ್ಯಾಲರಿಯ ಮೆಟ್ಟಿಲ ಹಿಂದೆ ಒಂದು ಮರದ ಏಣಿ ಇರುತ್ತದೆ. ದಯವಿಟ್ಟು ಅದನ್ನು ಮನೆಗೆ ಒಯ್ಯಿರಿ. ಜೇಡರ ಬಲೆ ತೆಗೆಯುವುದಕ್ಕಾದರೂ ಬರುತ್ತದೆ.

ಇತಿ,
ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಪೈಕಿ,
ಸುಗಂಧಿ